ಪಾಸ್‌ಬುಕ್ಕಿನಲ್ಲಿ 71,340 ಇದ್ದರೂ ಚೆಕ್ಕು ಯಾಕೆ ವಾಪಸ್ ಬಂತು: ಹನುಮಂತನಗರದ ಒಂದು ಮನೆಯ ಲೆಕ್ಕದ ಪ್ರಕರಣ

2025ರ ಜೂನ್ 6, ಶುಕ್ರವಾರ. ಹನುಮಂತನಗರದ ಒಂದು ಮನೆಯವರು ತಾರಸಿಯ ವಾಟರ್‌ಪ್ರೂಫಿಂಗ್ ಕೆಲಸಕ್ಕೆ ಕೊಟ್ಟಿದ್ದ 45,000 ರೂಪಾಯಿಯ ಚೆಕ್ಕು ವಾಪಸ್ ಬಂತು. ಖಾತೆಯಲ್ಲಿ ಹಣ ಸಾಲದು ಅಂತ ಬ್ಯಾಂಕು ಕಾರಣ ಕೊಟ್ಟಿತ್ತು. ಜೂನ್ 2ಕ್ಕೆ ಪಾಸ್‌ಬುಕ್ ಪ್ರಿಂಟ್ ಮಾಡಿಸಿದಾಗ ಅದೇ ಖಾತೆಯಲ್ಲಿ 71,340 ರೂಪಾಯಿ ಇತ್ತು.

ಲೆಕ್ಕವೇ ಇಡದ ಮನೆಯಲ್ಲಿ ಹೀಗಾದರೆ ಆಶ್ಚರ್ಯ ಇಲ್ಲ. ಈ ಮನೆಯಲ್ಲಿ ಲೆಕ್ಕ ಎರಡು ಕಡೆ ಇತ್ತು. ಅಪ್ಪ ಉದ್ದನೆಯ ಲೆಡ್ಜರಿನಲ್ಲಿ ಪೆನ್ನಿನಿಂದ ಬರೆಯುತ್ತಿದ್ದರು. ಮಗಳು ಲ್ಯಾಪ್‌ಟಾಪಿನಲ್ಲಿ ಗ್ನೂಕ್ಯಾಶ್ ಎಂಬ ಸಾಫ್ಟ್‌ವೇರ್‌ನಲ್ಲಿ ಇಡುತ್ತಿದ್ದಳು. ಎರಡೂ ಶುದ್ಧವಾಗಿದ್ದವು. ಎರಡೂ ಪಾಸ್‌ಬುಕ್ಕಿಗೆ ಪೈಸೆ ಬಿಡದೆ ಹೊಂದುತ್ತಿದ್ದವು. ಆದರೂ ಚೆಕ್ಕು ವಾಪಸ್ ಬರುತ್ತದೆ ಅಂತ ಎರಡರಲ್ಲಿ ಒಂದೂ ಹೇಳಲಿಲ್ಲ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಅದೇ ಬೀದಿಯಲ್ಲಿ ಇರುವವಳು. ಮಗಳು ಬಂದು, "ಆಂಟಿ, ಒಂದ್ಸಲ ನೋಡ್ತೀರಾ? ಅಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ" ಅಂದಳು. ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಇದನ್ನು ಬರೆಯುತ್ತಿದ್ದೇನೆ. ಇದೇ ರೀತಿ ಲೆಕ್ಕ ಇಡುವ ಮನೆಗಳು ನಮ್ಮ ಬೆಂಗಳೂರಿನಲ್ಲಿ ತುಂಬಾ ಇವೆ. ಅವರಿಗೆ ಉಪಯೋಗ ಆಗಲಿ ಅನ್ನೋದು ನನ್ನ ಆಸೆ.

ಮನೆ, ಖಾತೆಗಳು

ಯಜಮಾನರು ಹೈಸ್ಕೂಲ್ ಮೇಷ್ಟ್ರಾಗಿದ್ದವರು. ವಯಸ್ಸು 71. ಅಮ್ಮನಿಗೆ 66. ಮಗಳು, ಅಳಿಯ ಬನಶಂಕರಿಯಲ್ಲಿ ಇದ್ದಾರೆ, ಭಾನುವಾರ ತಪ್ಪದೆ ಬರುತ್ತಾರೆ. ಮುಖ್ಯ ಖಾತೆ ದಂಪತಿಯ ಜಂಟಿ ಉಳಿತಾಯ ಖಾತೆ. ಪಿಂಚಣಿ ಬರುವುದು ಅಲ್ಲಿಗೆ, ಮೇಲಿನ ಮನೆಯ ಬಾಡಿಗೆ 14,000 ಬೀಳುವುದೂ ಅಲ್ಲಿಗೆ. ಅಮ್ಮನ ಹೆಸರಿನಲ್ಲೇ ಇನ್ನೊಂದು ಬ್ಯಾಂಕಿನಲ್ಲಿ ಒಂದು ಖಾತೆ ಇದೆ. ಮನೆ ಖರ್ಚಿಗೆ ಅಂತ ಮೇಷ್ಟ್ರು ಪ್ರತಿ ತಿಂಗಳು ಅದಕ್ಕೆ 10,000 ವರ್ಗ ಮಾಡುತ್ತಾರೆ.

ಮೇಷ್ಟ್ರ ಲೆಡ್ಜರು ಅವೆನ್ಯೂ ರಸ್ತೆಯಿಂದ ತಂದದ್ದು. ಏಪ್ರಿಲ್ 1ಕ್ಕೆ ಹೊಸ ಪುಟ, ಮೇಲೆ ಶ್ರೀಕಾರ, ಕೆಳಗೆ ಆರಂಭದ ಶಿಲ್ಕು (ಉಳಿಕೆ ಹಣ). ಬೆಸ್ಕಾಂ, ಜಲಮಂಡಳಿ, ಆಸ್ತಿ ತೆರಿಗೆ ಎಲ್ಲಕ್ಕೂ ಬೇರೆ ಬೇರೆ ಪುಟ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿ 5% ರಿಯಾಯಿತಿ ಪಡೆದದ್ದು ಪ್ರತಿ ವರ್ಷವೂ ಕೆಂಪು ಶಾಯಿಯಲ್ಲಿ ಇದೆ. ಇಂಥ ಅಕ್ಷರ, ಇಂಥ ಶಿಸ್ತು ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಆ ನಾಲ್ಕು ದಿನ

ಜೂನ್ 2ರಿಂದ 6ರ ನಡುವೆ ಏನಾಯಿತು? ಸ್ಟೇಟ್‌ಮೆಂಟ್ ನೋಡಿದ ತಕ್ಷಣ ಗೊತ್ತಾಯಿತು.

ಏಪ್ರಿಲ್ 20ರಂದು ಮೇಷ್ಟ್ರು ತಮ್ಮ ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ 11,000 ರೂಪಾಯಿಯ ಚೆಕ್ಕು ಕೊಟ್ಟಿದ್ದರು. ಸಮಿತಿಯವರು ಎಲ್ಲರ ಚೆಕ್ಕು ಒಟ್ಟು ಸೇರಲಿ ಅಂತ ಇಟ್ಟುಕೊಂಡು, ಜೂನ್ ಮೊದಲ ವಾರ ಬ್ಯಾಂಕಿಗೆ ಹಾಕಿದರು. ಜೂನ್ 4ಕ್ಕೆ ಆ ಹಣ ಹೋಯಿತು. ಜೂನ್ 5ಕ್ಕೆ ದಂಪತಿಯ ಆರೋಗ್ಯ ವಿಮೆಯ ವಾರ್ಷಿಕ ಕಂತು 32,480 ತಾನಾಗಿ ಕಡಿತವಾಯಿತು. ಹಿಂದಿನ ವರ್ಷ ಮಗಳೇ ಅಪ್ಪನ ಫೋನಿನಲ್ಲಿ ಆಟೋ ಡೆಬಿಟ್ ಮಾಡಿಸಿದ್ದಳು. ಉಳಿದದ್ದು 27,860. ಮರುದಿನ 45,000ದ ಚೆಕ್ಕು ಬಂತು. ಕಡಿಮೆ ಬಿದ್ದದ್ದು 17,140.

ವಾಪಸ್ ಬಂದದ್ದಕ್ಕೆ ಜಿಎಸ್‌ಟಿ ಸೇರಿ 590 ರೂಪಾಯಿ ದಂಡ ಬಿತ್ತು. ಮೇಷ್ಟ್ರಿಗೆ ದಂಡದ ಚಿಂತೆ ಇರಲಿಲ್ಲ. "ಚೆಕ್ ಬೌನ್ಸ್ ಅಂದ್ರೆ ಕೇಸು ಅಲ್ವಾ ಮೇಡಂ?" ಅಂತ ಕೇಳಿದರು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಇರುವುದು ನಿಜ. ಆದರೆ ಚೆಕ್ಕು ವಾಪಸ್ ಬಂದ ಕೂಡಲೇ ಕೇಸು ಆಗುವುದಿಲ್ಲ. ವಾಪಸ್ ಬಂದ ವಿಷಯ ತಿಳಿದ 30 ದಿನದೊಳಗೆ ಚೆಕ್ಕು ಪಡೆದವರು ಲಿಖಿತ ನೋಟಿಸು ಕೊಡಬೇಕು. ನೋಟಿಸು ಕೈ ಸೇರಿದ ಮೇಲೆ ಹಣ ಕೊಡಲು 15 ದಿನ ಇರುತ್ತದೆ. ಇಲ್ಲಿ ಅದೊಂದೂ ಬೇಕಾಗಲಿಲ್ಲ. ಮಗಳು ಅದೇ ದಿನ ಸಂಜೆ ತನ್ನ ಖಾತೆಯಿಂದ ಹಣ ಕಳಿಸಿದಳು. ಮೇಷ್ಟ್ರು ಕಂಟ್ರಾಕ್ಟರ್ ಮನೆಗೇ ಹೋಗಿ ಮಾತಾಡಿ, ಅವರಿಗೆ ಅವರ ಬ್ಯಾಂಕು ಹಾಕಿದ್ದ ಶುಲ್ಕವನ್ನೂ ಕೊಟ್ಟು, ಚೆಕ್ಕನ್ನು ಹಿಂದಕ್ಕೆ ತಂದರು.

ಎರಡು ಲೆಕ್ಕ, ಒಂದೇ ಮೂಲ

ನನಗೆ ಮುಖ್ಯ ಅನ್ನಿಸಿದ್ದು ಇಲ್ಲಿಂದ ಮುಂದಿನ ವಿಷಯ.

ಲೆಡ್ಜರಿನಲ್ಲಿ 11,000ದ ಚೆಕ್ಕು ಎಲ್ಲಿದೆ ಅಂತ ಹುಡುಕಿದೆ. ಏಪ್ರಿಲ್ 20ರಲ್ಲಿ ಇಲ್ಲ. ಚೆಕ್ ಪುಸ್ತಕದ ಹಿಂದಿನ ರೆಕಾರ್ಡ್ ಚೀಟಿಯಲ್ಲಿ ಚೆನ್ನಾಗಿ ಬರೆದಿದ್ದರು: ತಾರೀಖು, ಹೆಸರು, ಮೊತ್ತ. ಆದರೆ ಲೆಡ್ಜರಿಗೆ ಏರಿಸಿರಲಿಲ್ಲ. ಯಾಕೆ ಅಂದರೆ, "ಪಾಸ್‌ಬುಕ್ಕಿಗೆ ಬಂದ ಮೇಲೆ ಬರೀತೀನಿ, ಆಗ ಎರಡೂ ಸರಿಹೋಗತ್ತೆ" ಅಂದರು. ಅಂದರೆ ತಿಂಗಳಿಗೊಮ್ಮೆ ಪಾಸ್‌ಬುಕ್ ಪ್ರಿಂಟ್ ಆದ ಮೇಲೆ ಅದನ್ನು ನೋಡಿಕೊಂಡು ಲೆಡ್ಜರು ತುಂಬುತ್ತಿದ್ದರು.

ಮಗಳದ್ದು? ನೆಟ್‌ಬ್ಯಾಂಕಿಂಗ್‌ನಿಂದ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ ಗ್ನೂಕ್ಯಾಶ್‌ಗೆ ಇಂಪೋರ್ಟ್ ಮಾಡುತ್ತಿದ್ದಳು. ಔಷಧಿ, ದಿನಸಿ, ಕರೆಂಟು ಅಂತ ವಿಂಗಡಿಸುತ್ತಿದ್ದಳು. ಗ್ರಾಫ್ ಕೂಡ ಬರುತ್ತಿತ್ತು.

ಎರಡೂ ಬ್ಯಾಂಕಿನ ಲೆಕ್ಕದ ನಕಲು. ಬ್ಯಾಂಕಿಗೆ ಗೊತ್ತಾದ ಮೇಲಷ್ಟೇ ಮನೆಯ ಲೆಕ್ಕಕ್ಕೆ ಗೊತ್ತಾಗುತ್ತಿತ್ತು. ಮೇಷ್ಟ್ರು ಚೆಕ್ಕಿಗೆ ಸಹಿ ಹಾಕಿದ ಗಳಿಗೆಯಲ್ಲೇ ಆ 11,000 ಅವರದ್ದಲ್ಲ. ಆದರೆ ಅದು ಅವರಿಗೆ ಮಾತ್ರ ಗೊತ್ತಿದ್ದ ವಿಷಯ. ಅದನ್ನು ಮೊದಲು ಹೇಳಬೇಕಾದ್ದು ಮನೆಯ ಪುಸ್ತಕ. ಅದು ಬ್ಯಾಂಕಿನ ದಾರಿ ಕಾಯುತ್ತಾ ಕೂತಿತ್ತು. ಎರಡು ನಕಲು ಒಂದಕ್ಕೊಂದು ಹೊಂದುವುದರಲ್ಲಿ ವಿಶೇಷ ಇಲ್ಲ, ಮೂಲ ಒಂದೇ ಆದ್ದರಿಂದ ಹೊಂದಲೇಬೇಕು.

ಚೆಕ್ಕಿಗೆ ಬರೆದ ತಾರೀಖಿನಿಂದ ಮೂರು ತಿಂಗಳ ಆಯುಸ್ಸು ಇರುತ್ತದೆ. 2012ರ ಏಪ್ರಿಲ್ 1ಕ್ಕೆ ಮುಂಚೆ ಆರು ತಿಂಗಳು ಇತ್ತು, ರಿಸರ್ವ್ ಬ್ಯಾಂಕು ಅದನ್ನು ಕಡಿಮೆ ಮಾಡಿತು. ಈ ಮೂರು ತಿಂಗಳಲ್ಲಿ ಯಾವ ದಿನ ಬೇಕಾದರೂ ಚೆಕ್ಕು ಬರಬಹುದು. 2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ (ಒಂದು ಬ್ಯಾಂಕಿಗೆ ಹಾಕಿದ ಚೆಕ್ಕಿನ ಹಣ ಇನ್ನೊಂದು ಬ್ಯಾಂಕಿನಿಂದ ಬರುವ ಕೆಲಸ) ಇನ್ನೂ ವೇಗವಾಗಿದೆ. ಹಗಲು ನಿಗದಿತ ಹೊತ್ತಿನೊಳಗೆ ಹಾಕಿದ ಚೆಕ್ಕುಗಳು ಆಗಿಂದಾಗಲೇ ಸ್ಕ್ಯಾನ್ ಆಗಿ ಹೋಗುತ್ತವೆ, ಹಣ ಕೊಡಬೇಕಾದ ಬ್ಯಾಂಕು ಅದೇ ಸಂಜೆ 7ರೊಳಗೆ ಉತ್ತರ ಹೇಳಬೇಕು. ಬ್ಯಾಂಕಿನ ಒಳಗಿನ ಸಮಯ ಕಡಿಮೆಯಾಯಿತು ಅಷ್ಟೇ. ಪಡೆದವರು ಬೀರುವಿನಲ್ಲಿ ಇಟ್ಟುಕೊಳ್ಳುವ ಸಮಯವನ್ನು ಯಾರೂ ಕಡಿಮೆ ಮಾಡಲು ಆಗುವುದಿಲ್ಲ. ಮೊದಲು ಕ್ಲಿಯರಿಂಗ್‌ಗೆ ಒಂದೆರಡು ದಿನ ಹಿಡಿಯುತ್ತಿತ್ತು, ಆ ಗ್ಯಾಪಿನಲ್ಲಿ ಹಣ ತುಂಬುವವರೂ ಇದ್ದರು. ಈಗ ಆ ಅವಕಾಶವೂ ಹೋಗಿದೆ.

ಕಾಗದ ಮೊದಲು

ಮಗಳು ಲೆಡ್ಜರು ನಿಲ್ಲಿಸಿಬಿಡೋಣ ಅಂದಳು. ನಾನು ಬೇಡ ಅಂದೆ. ಚೆಕ್ಕು ಬರೆಯುವವರು ಮೇಷ್ಟ್ರು. ಬರೆಯುವ ಜಾಗದಲ್ಲಿ, ಬರೆಯುವ ಹೊತ್ತಿನಲ್ಲಿ ಅವರ ಪಕ್ಕ ಇರುವುದು ಆ ಲೆಡ್ಜರು. ಲ್ಯಾಪ್‌ಟಾಪ್ ಇರುವುದು ಬನಶಂಕರಿಯಲ್ಲಿ. ಮೊದಲ ಬರವಣಿಗೆ ಎಲ್ಲಿ ಸುಲಭವೋ ಅಲ್ಲೇ ಆಗಬೇಕು, ಇಲ್ಲದಿದ್ದರೆ ಆಗುವುದೇ ಇಲ್ಲ.

ಆದರೆ ಕ್ರಮ ಬದಲಾಯಿಸಿದೆವು. ಪಾಸ್‌ಬುಕ್ ನೋಡಿ ಲೆಡ್ಜರು ತುಂಬುವುದು ಪೂರ್ತಿ ಬಂದ್. ಚೆಕ್ಕು ಹರಿಯುವ ಮೊದಲೇ ಲೆಡ್ಜರಿನಲ್ಲಿ ಸಾಲು ಬರೆಯಬೇಕು: ತಾರೀಖು, ಚೆಕ್ ನಂಬರು, ಯಾರಿಗೆ, ಯಾಕೆ, ಮೊತ್ತ. ಶಿಲ್ಕಿನಿಂದ ಆಗಲೇ ಕಳೆಯಬೇಕು. ಕೊನೆಯಲ್ಲಿ ಒಂದು ಸಣ್ಣ ಕಾಲಂ ಖಾಲಿ ಬಿಡಬೇಕು. ಬ್ಯಾಂಕಿನಲ್ಲಿ ಆ ಸಾಲು ಕಾಣಿಸಿದಾಗ ಅಲ್ಲಿ ಟಿಕ್. ಟಿಕ್ ಇಲ್ಲದ ಸಾಲುಗಳೆಲ್ಲ ಇನ್ನೂ ಹೊರಗೆ ಓಡಾಡುತ್ತಿರುವ ಹಣ.

ತಾನಾಗಿ ಕಡಿತವಾಗುವ ಕಂತುಗಳದ್ದೇ ಬೇರೆ ತೊಂದರೆ. ಅವಕ್ಕೆ ಸಹಿ ಹಾಕುವ ಗಳಿಗೆ ವರ್ಷದ ಹಿಂದೆ ಎಂದೋ ಮುಗಿದಿರುತ್ತದೆ. ಮನಸ್ಸಿನಿಂದ ಹೋಗಿರುತ್ತದೆ. ಅದಕ್ಕೆ ಲೆಡ್ಜರಿನ ಮೊದಲ ಪುಟದಲ್ಲಿ ಒಂದು ಪಟ್ಟಿ ಮಾಡಿಸಿದೆ: ಯಾವ ಖಾತೆ, ಯಾವ ಕಂತು, ಯಾವ ತಿಂಗಳು, ಸುಮಾರು ಎಷ್ಟು. ಪ್ರತಿ ತಿಂಗಳ ಪುಟ ತೆರೆದ ದಿನವೇ ಆ ತಿಂಗಳ ಕಂತುಗಳನ್ನು ಪೆನ್ಸಿಲ್‌ನಲ್ಲಿ ಬರೆದು ಶಿಲ್ಕಿನಿಂದ ಕಳೆಯುವುದು. ಕಡಿತವಾದ ಮೇಲೆ ಪೆನ್ನಿನಲ್ಲಿ ತಿದ್ದುವುದು. ಆ ಪಟ್ಟಿ ಬರೆಯಲು ಅಮ್ಮನನ್ನೂ ಜೊತೆಯಲ್ಲಿ ಕೂರಿಸಿಕೊಂಡೆವು. ಜಂಟಿ ಖಾತೆಯಲ್ಲಿ ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದು ಅಂತ ಬ್ಯಾಂಕಿನಲ್ಲಿ ಬರೆಸಿದ್ದರೂ, ಆ ಖಾತೆಯಿಂದ ಏನೇನು ಹೋಗುತ್ತದೆ ಅಂತ ಅಮ್ಮನಿಗೆ ಅವತ್ತಿನ ತನಕ ಗೊತ್ತಿರಲಿಲ್ಲ.

ಯುಪಿಐ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗಾಂಧಿ ಬಜಾರಿನ ಕಾಫಿ, ಸೊಪ್ಪು, ಹೂವು ಎಲ್ಲ ಮೇಷ್ಟ್ರ ಫೋನಿನ ಮೂಲಕ ಜಂಟಿ ಖಾತೆಯಿಂದಲೇ ಹೋಗುತ್ತಿತ್ತು. ಸ್ಟೇಟ್‌ಮೆಂಟ್ ಪುಟಗಟ್ಟಲೆ ಉದ್ದ. ಅದನ್ನೆಲ್ಲ ಬರೆಯಿರಿ ಅಂದರೆ ಯಾರಿಗೂ ಆಗುವುದಿಲ್ಲ. ಯುಪಿಐ ಲೈಟ್ ಮಾಡಿಸಿದೆವು, ಅದು ಫೋನಿನೊಳಗಿನ ಸಣ್ಣ ಪರ್ಸಿನ ಹಾಗೆ. ಒಂದು ಸಲಕ್ಕೆ 1,000 ರೂಪಾಯಿ ತನಕ ಕೊಡಬಹುದು, ಒಳಗೆ 5,000 ತನಕ ಇಡಬಹುದು. 2024ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಈ ಮಿತಿ ಏರಿಸಿತು. ಹಣ ತುಂಬಿದ ಒಂದು ಸಾಲು ಮಾತ್ರ ಬ್ಯಾಂಕ್ ಲೆಕ್ಕದಲ್ಲಿ ಬರುತ್ತದೆ. ಲೆಡ್ಜರಿನಲ್ಲೂ 'ಕೈಖರ್ಚು' ಅಂತ ಒಂದೇ ಸಾಲು ಸಾಕು.

ಸಾಫ್ಟ್‌ವೇರ್ ಯಾಕೆ ಬೇಕು

ಕಾಗದದಿಂದ ಆಗದ ಕೆಲಸ ಇದೆ. ಅದು ಕೂಡುವುದಿಲ್ಲ, ಹುಡುಕಿ ಕೊಡುವುದಿಲ್ಲ, ಮುಂದಿನ ದಿನಗಳನ್ನು ತೋರಿಸುವುದಿಲ್ಲ.

ಮೇಷ್ಟ್ರು ಟ್ಯಾಲಿ ಬಗ್ಗೆ ಕೇಳಿದರು. ಅದು 1986ರಿಂದ ಇದೆ, ನಮ್ಮ ಬೆಂಗಳೂರಿನ ಕಂಪನಿ, ಚಿಕ್ಕಪೇಟೆಯ ಅಂಗಡಿಯಿಂದ ಆಡಿಟರ್ ಆಫೀಸಿನ ತನಕ ಎಲ್ಲರೂ ಬಲ್ಲ ಹೆಸರು. ಆದರೆ ಅದನ್ನು ಮಾಡಿರುವುದು ವ್ಯಾಪಾರಕ್ಕೆ, ಸರಕು ಮತ್ತು ಜಿಎಸ್‌ಟಿ ಲೆಕ್ಕಕ್ಕೆ. ಒಂದು ಮನೆಗೆ ಅಷ್ಟು ಬೇಡ. ಗ್ನೂಕ್ಯಾಶ್ ಉಚಿತ, 1998ರಿಂದ ಬಳಕೆಯಲ್ಲಿದೆ, ಲೆಕ್ಕದ ಫೈಲು ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಮಗಳಿಗೆ ಅಭ್ಯಾಸವೂ ಆಗಿತ್ತು. ಅದನ್ನೇ ಇಟ್ಟುಕೊಂಡೆವು.

ಅವಳ ಲೆಕ್ಕದಲ್ಲಿ ಒಂದು ತಪ್ಪು ಇತ್ತು. ಅಪ್ಪ ಅಮ್ಮನ ಖಾತೆಗೆ ಕಳಿಸುವ 10,000 ಎರಡು ಸ್ಟೇಟ್‌ಮೆಂಟಿನಿಂದಲೂ ಇಂಪೋರ್ಟ್ ಆಗುತ್ತಿತ್ತು. ಜಂಟಿ ಖಾತೆಯಲ್ಲಿ ಅದನ್ನು ಮನೆ ಖರ್ಚು ಅಂತ ಹಾಕಿದ್ದಳು, ಅಮ್ಮನ ಖಾತೆಯಲ್ಲಿ ಆದಾಯ ಅಂತ. ವರ್ಷಕ್ಕೆ 1,20,000 ಸುಮ್ನೆ ಆದಾಯದಲ್ಲೂ ಜಾಸ್ತಿ, ಖರ್ಚಿನಲ್ಲೂ ಜಾಸ್ತಿ. ಶಿಲ್ಕು ಸರಿಯಾಗಿಯೇ ಇರುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಗ್ನೂಕ್ಯಾಶ್ ಇರುವುದು ಜೋಡಿ ನಮೂದಿನ ಪದ್ಧತಿಯಲ್ಲಿ. ಪ್ರತಿ ವ್ಯವಹಾರಕ್ಕೂ ಹಣ ಎಲ್ಲಿಂದ ಹೋಯಿತು, ಎಲ್ಲಿಗೆ ಬಂತು ಎಂಬ ಎರಡು ತುದಿ ಹೇಳಲೇಬೇಕು. ಈ ವರ್ಗಾವಣೆಗೆ ಎರಡು ತುದಿಯೂ ಮನೆಯ ಖಾತೆಗಳೇ. ಒಂದೇ ನಮೂದು ಸಾಕು. ಆದಾಯವೂ ಅಲ್ಲ, ಖರ್ಚೂ ಅಲ್ಲ.

ಈಗ ಭಾನುವಾರ ಮಗಳು ಲೆಡ್ಜರಿನ ವಾರದ ಸಾಲುಗಳನ್ನು ಟೈಪ್ ಮಾಡುತ್ತಾಳೆ. ಸ್ಟೇಟ್‌ಮೆಂಟ್ ಇಂಪೋರ್ಟ್ ಮಾಡುವುದು ತಿಂಗಳ ಕೊನೆಗೆ, ಅದೂ ತಾಳೆ ನೋಡುವುದಕ್ಕೆ ಮಾತ್ರ. ಮೊತ್ತ, ತಾರೀಖು ನೋಡಿ ಆಗಲೇ ಬರೆದಿರುವ ಸಾಲಿಗೆ ಸಾಫ್ಟ್‌ವೇರೇ ಹೊಂದಿಸಿ ತೋರಿಸುತ್ತದೆ. ಹೊಸ ಸಾಲು ಸೇರಿಸಲಾ ಅಂತ ಅದು ಕೇಳಿದರೆ ಅಲ್ಲಿ ನಿಂತು ಯೋಚಿಸಬೇಕು. ಒಂದೋ ನಾವು ಬರೆಯಲು ಬಿಟ್ಟಿದ್ದೇವೆ, ಇಲ್ಲವೋ ಬ್ಯಾಂಕಿನಲ್ಲಿ ನಮಗೆ ಗೊತ್ತಿಲ್ಲದ್ದು ಏನೋ ನಡೆದಿದೆ.

ಆಟೋ ಡೆಬಿಟ್ ಕಂತುಗಳನ್ನು ಮುಂದಿನ ತಾರೀಖು ಹಾಕಿ ನಮೂದಿಸಿದಳು. ಹಾಗೆ ಮಾಡಿದಾಗ ಕೆಳಗಿನ ಪಟ್ಟಿಯಲ್ಲಿ ಇವತ್ತಿನ ಶಿಲ್ಕಿನ ಪಕ್ಕದಲ್ಲೇ, ಮುಂದೆ ಅದು ಎಷ್ಟರ ತನಕ ಇಳಿಯಬಹುದು ಎಂಬ ಕನಿಷ್ಠ ಮೊತ್ತವೂ ಕಾಣುತ್ತದೆ. ಪರೀಕ್ಷೆಗೆ ಅಂತ ಜೂನ್ 2ರ ಸ್ಥಿತಿಯನ್ನೇ ಹಾಕಿ ನೋಡಿದೆವು. 71,340ರಲ್ಲಿ ದೇವಸ್ಥಾನದ 11,000, ವಿಮೆಯ 32,480, ಕಂಟ್ರಾಕ್ಟರ್ 45,000. ಪರದೆಯ ಮೇಲೆ ಕೆಂಪಿನಲ್ಲಿ ಬಂತು: ಮೈನಸ್ 17,140. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು.

ಜೂನ್ ತಿಂಗಳ ತಾಳೆ: 92 ರೂಪಾಯಿ

ಹೊಸ ಕ್ರಮದ ಮೊದಲ ತಾಳೆ ಜೂನ್ 30ಕ್ಕೆ. ಇದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ತುಂಬಾ ಜನ ಕೈಬಿಡುವುದು ಇಲ್ಲೇ.

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಶಿಲ್ಕು 58,912. ಬಾಡಿಗೆ ಚೆಕ್ಕು 14,000 ಅವತ್ತೇ ಸಂಜೆ ಡ್ರಾಪ್ ಬಾಕ್ಸಿಗೆ ಹಾಕಿದ್ದು, ಇನ್ನೂ ಜಮೆ ಆಗಿಲ್ಲ. ಅದನ್ನು ಕೂಡಬೇಕು. ಕೊಟ್ಟು ಇನ್ನೂ ಬ್ಯಾಂಕಿಗೆ ಬಾರದ ಚೆಕ್ಕು ಎರಡು: ಜೂನ್ 8ರ ಮದುವೆಯಲ್ಲಿ ಕೊಟ್ಟ ಮುಯ್ಯಿ 5,001, ಬಡಾವಣೆಯ ಸಂಘಕ್ಕೆ 2,500. ಒಟ್ಟು 7,501, ಅದನ್ನು ಕಳೆಯಬೇಕು. ಬಂದದ್ದು 65,411. ನಮ್ಮ ಪುಸ್ತಕದಲ್ಲಿ ಇದೇ ಮೊತ್ತ ಇರಬೇಕು. ಇದ್ದದ್ದು 65,319. ವ್ಯತ್ಯಾಸ 92.

"92 ರೂಪಾಯಿ ತಾನೆ ಆಂಟಿ, ಹೊಂದಾಣಿಕೆ ಅಂತ ಒಂದು ಎಂಟ್ರಿ ಹಾಕಿಬಿಡ್ಲಾ?" ಅಂದಳು ಮಗಳು. ಸಾಫ್ಟ್‌ವೇರ್‌ನಲ್ಲಿ ಹಾಗೆ ಮಾಡುವುದು ಬಹಳ ಸುಲಭ. ಬೇಡ ಕಣಮ್ಮ, ಒಂದೊಂದೇ ಸಾಲು ನೋಡೋಣ ಅಂದೆ.

ಸ್ಟೇಟ್‌ಮೆಂಟಿನಲ್ಲಿ ಟಿಕ್ ಬೀಳದೆ ಉಳಿದ ಸಾಲು ಎರಡು ಸಿಕ್ಕವು. ಒಂದು, ಚೆಕ್ಕು ವಾಪಸ್ ಬಂದ ದಂಡ 590. ಅದರ ನೋವಿನಲ್ಲಿ ಅದನ್ನು ಬರೆಯಲೇ ಇಲ್ಲ. ಇನ್ನೊಂದು, ಮೂರು ತಿಂಗಳ ಉಳಿತಾಯ ಬಡ್ಡಿ 412. 2010ರ ಏಪ್ರಿಲ್‌ನಿಂದ ಈ ಬಡ್ಡಿಯನ್ನು ದಿನದಿನದ ಶಿಲ್ಕಿನ ಮೇಲೆ ಲೆಕ್ಕ ಹಾಕುತ್ತಾರೆ, ಅದಕ್ಕೇ ನಾವು ಮೊದಲೇ ಅಂದಾಜು ಮಾಡಿ ಬರೆಯುವುದು ಕಷ್ಟ. ಬ್ಯಾಂಕು ಹೇಳಿದ ಮೇಲೆಯೇ ಬರೆಯಬೇಕಾದ ಕೆಲವೇ ಸಾಲುಗಳಲ್ಲಿ ಇದೂ ಒಂದು. 590 ಕಳೆದು 412 ಕೂಡಿದರೆ ಪುಸ್ತಕದ ಶಿಲ್ಕು 65,141. ವ್ಯತ್ಯಾಸ 92ರಿಂದ 270ಕ್ಕೆ ಏರಿತು. ಮಗಳ ಮುಖ ಬಾಡಿತು.

270 ನೋಡಿ ನನಗೆ ಸಮಾಧಾನ ಆಯಿತು. ಅದು 9ರಿಂದ ಭಾಗವಾಗುತ್ತದೆ. ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಲೆಕ್ಕದವರಿಗೆ ಇದು ಹಳೆಯ ಸೂತ್ರ. ಮೇಷ್ಟ್ರು ಗಣಿತದವರು, ಯಾಕೆ ಹಾಗೆ ಅಂತ ಮಗಳಿಗೆ ಅವರೇ ಬಿಡಿಸಿ ಹೇಳಿದರು. ಹತ್ತರ ಸ್ಥಾನದ ಅಂಕಿ ನೂರಕ್ಕೆ ಹೋದರೆ ಒಂದಕ್ಕೆ 90 ಹೆಚ್ಚುತ್ತದೆ, ನೂರರದ್ದು ಹತ್ತಕ್ಕೆ ಬಂದರೆ 90 ಕಡಿಮೆಯಾಗುತ್ತದೆ. 270 ಅಂದರೆ 90ರ ಮೂರು ಪಟ್ಟು, ಅಂದರೆ ಆ ಎರಡು ಅಂಕಿಗಳ ನಡುವೆ ಮೂರರ ವ್ಯತ್ಯಾಸ. ಹಾಗಂತ ಹುಡುಕಿದಾಗ ಬೇಗ ಸಿಕ್ಕಿತು. ಔಷಧಿ ಅಂಗಡಿಗೆ ಕೊಟ್ಟದ್ದು 2,470. ಲೆಡ್ಜರಿನಲ್ಲಿ 2,740.

ಸರಿ ಮಾಡಿದಾಗ 65,411. ಸಾಫ್ಟ್‌ವೇರ್‌ನ ರೀಕನ್ಸೈಲ್ (ತಾಳೆ ನೋಡುವ) ಕಿಟಕಿಯಲ್ಲಿ ವ್ಯತ್ಯಾಸ ಸೊನ್ನೆ ಬಂತು.

92 ರೂಪಾಯಿಯ ಕೆಳಗೆ 590, 412, 270 ಎಂಬ ಮೂರು ಬೇರೆ ಬೇರೆ ವಿಷಯ ಇದ್ದವು. ಒಂದು ಎಳೆದರೆ ಇನ್ನೊಂದು ತಳ್ಳಿ, ಹೊರಗೆ ಸಣ್ಣದಾಗಿ ಕಾಣುತ್ತಿತ್ತು. ವ್ಯತ್ಯಾಸ ಸಣ್ಣದು ಅಂದ ಮಾತ್ರಕ್ಕೆ ತಪ್ಪು ಸಣ್ಣದಲ್ಲ. ಇದನ್ನು ಬ್ಯಾಂಕಿನಲ್ಲಿ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೂ ನಾನು ಹೇಳುತ್ತಿದ್ದೆ. 9ರಿಂದ ಭಾಗವಾಗದಿದ್ದರೆ ಇನ್ನೊಂದು ದಾರಿ ಇದೆ. ವ್ಯತ್ಯಾಸವನ್ನು ಅರ್ಧ ಮಾಡಿ, ಆ ಮೊತ್ತದ ಸಾಲು ಹುಡುಕಿ. ಜಮೆಗೆ ಬರೆಯಬೇಕಾದ್ದನ್ನು ಖರ್ಚಿಗೆ ಬರೆದರೆ ವ್ಯತ್ಯಾಸ ಎರಡರಷ್ಟು ಬರುತ್ತದೆ.

ಹುಡುಕುವಾಗ ಸಿಕ್ಕ ಬೇರೆ ವಿಷಯಗಳು

ಏಪ್ರಿಲ್ 1ರಿಂದ ಹಿಂದಿನ ತಿಂಗಳುಗಳನ್ನೂ ತಾಳೆ ನೋಡಿದೆವು. ಮೇ ತಿಂಗಳಲ್ಲಿ ಜಂಟಿ ಖಾತೆಯಿಂದ ಅಮ್ಮನ ಹೆಸರಿನಲ್ಲಿ 20 ರೂಪಾಯಿ, ಅವರ ಸ್ವಂತ ಖಾತೆಯಿಂದಲೂ 20 ರೂಪಾಯಿ ಹೋಗಿತ್ತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಅಪಘಾತ ವಿಮೆ ಅದು. ಒಬ್ಬರು ಒಂದೇ ಖಾತೆಯಿಂದ ಸೇರಬೇಕು. ಎರಡು ಕಡೆ ಕಟ್ಟಿದರೂ ರಕ್ಷಣೆ ಒಂದಕ್ಕೇ, 2 ಲಕ್ಷದ ತನಕ. 20 ರೂಪಾಯಿ ದೊಡ್ಡದಲ್ಲ. ಆದರೆ ಮನೆಯವರಿಗೆ ಇಂಥದ್ದೊಂದು ವಿಮೆ ಇದೆ ಅಂತಲೇ ಗೊತ್ತಿರಲಿಲ್ಲ. ಯಾರಿಗಾದರೂ ಅಪಘಾತ ಆಗಿದ್ದರೆ ಕೇಳುವವರೇ ಇರುತ್ತಿರಲಿಲ್ಲ. ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಮೊದಲ ಪುಟದ ಪಟ್ಟಿಗೆ ಸೇರಿಸಿದೆವು.

ಬೀರುವಿನಲ್ಲಿ ಒಂದು ಹಳೆಯ ಪಾಸ್‌ಬುಕ್ ಸಿಕ್ಕಿತು. ಈಗ ಆ ಹೆಸರಿನ ಬ್ಯಾಂಕೇ ಇಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿದವು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇಂಥ ಪಾಸ್‌ಬುಕ್ ಒಂದಾದರೂ ಇರುತ್ತದೆ. ಹಣ ಎಲ್ಲೂ ಹೋಗಿರುವುದಿಲ್ಲ. ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ. ಹತ್ತು ವರ್ಷ ಕಳೆದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ, ಆಮೇಲೂ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. 2023ರಲ್ಲಿ ಶುರುವಾದ ಉದ್ಗಮ್ ಪೋರ್ಟಲ್‌ನಲ್ಲಿ ಅಂಥ ಖಾತೆಗಳನ್ನು ಹುಡುಕಬಹುದು. ಅಮ್ಮ ಗುರುತಿನ ದಾಖಲೆಗಳನ್ನು ಕೊಟ್ಟು ಈ ಖಾತೆಯನ್ನು ಮತ್ತೆ ಚಾಲೂ ಮಾಡಿಸಿದರು.

ಒಂದು ಎಚ್ಚರಿಕೆ ಹೇಳಲೇಬೇಕು. ತಿಂಗಳ ತಾಳೆ ಇದೆಯಲ್ಲ ಅಂತ ಬ್ಯಾಂಕಿನ ಎಸ್ಎಂಎಸ್ ನೋಡದೆ ಬಿಡಬೇಡಿ. ಬೇರೆಯವರ ಮೋಸದಿಂದ, ನಮ್ಮ ತಪ್ಪಿಲ್ಲದೆ ಆನ್‌ಲೈನ್‌ನಲ್ಲಿ ಹಣ ಹೋದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಹೊಣೆ ಇರುವುದಿಲ್ಲ. ಇದು 2017ರ ರಿಸರ್ವ್ ಬ್ಯಾಂಕ್ ನಿಯಮ. ನಾಲ್ಕರಿಂದ ಏಳು ದಿನವಾದರೆ ಒಂದಿಷ್ಟು ಹೊಣೆ ನಮ್ಮ ಮೇಲೆ ಬರುತ್ತದೆ. ತಿಂಗಳ ಕೊನೆಗೆ ನೋಡಿದರೆ ಆ ದಿನಗಳು ಕಳೆದಿರುತ್ತವೆ.

ಸೆಪ್ಟೆಂಬರ್

ಸೆಪ್ಟೆಂಬರ್‌ನಲ್ಲಿ ಮೇಷ್ಟ್ರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕೆಲವು ದಿನ ಬರೆಯುವಂತಿರಲಿಲ್ಲ. ಅಮ್ಮ ಬರೆದರು. ಅಕ್ಷರ ದಪ್ಪ, ಸಾಲು ಸೊಟ್ಟ, ಆದರೆ ಬೇಕಾದ್ದು ಎಲ್ಲ ಇತ್ತು. ಎಟಿಎಂನಿಂದ ತೆಗೆದ 6,000 ನಗದು ಮಾತ್ರ ಯಾವುದಕ್ಕೆ ಹೋಯಿತು ಅಂತ ಯಾರಿಗೂ ನೆನಪಾಗಲಿಲ್ಲ. ಮಗಳು ಆಸ್ಪತ್ರೆ ಖರ್ಚು ಅಂತ ಹಾಕಲು ಹೊರಟಳು. ಮೇಷ್ಟ್ರು ಒಪ್ಪಲಿಲ್ಲ. 'ವಿವರ ಸಿಕ್ಕಿಲ್ಲ' ಅಂತಲೇ ಒಂದು ಖಾತೆ ತೆರೆದು ಅಲ್ಲಿಗೆ ಹಾಕಿದೆವು. ನನ್ನ ಪ್ರಕಾರ ಅದೇ ಸರಿ. ಊಹೆ ಬರೆದರೆ ಮುಂದಿನ ವರ್ಷ ಅದು ನಿಜದ ಹಾಗೆ ಕಾಣುತ್ತದೆ.

ಮುಯ್ಯಿ 5,001ರ ಚೆಕ್ಕು ಮಾತ್ರ ಬರಲೇ ಇಲ್ಲ. ಜೂನ್ 8ರ ಚೆಕ್ಕು, ಸೆಪ್ಟೆಂಬರ್ 8ಕ್ಕೆ ಅವಧಿ ಮುಗಿಯಿತು. ಮಗಳು ಹಳೆಯ ಸಾಲನ್ನು ಅಳಿಸಲು ಹೋದಳು. ಅಳಿಸಬಾರದು. ಜೂನ್, ಜುಲೈ, ಆಗಸ್ಟ್‌ನ ತಾಳೆಗಳೆಲ್ಲ ಆ ಸಾಲನ್ನು ಲೆಕ್ಕಕ್ಕೆ ತೆಗೆದುಕೊಂಡು ಮುಗಿದಿವೆ. ಸೆಪ್ಟೆಂಬರ್ ತಾರೀಖಿನಲ್ಲಿ 5,001 ಜಮೆ ಬರೆದು, 'ಇಂಥ ನಂಬರಿನ ಚೆಕ್ಕು ಅವಧಿ ಮೀರಿದ್ದು' ಅಂತ ವಿವರ ಹಾಕಿದೆವು. ಅಮ್ಮ ಮದುಮಗಳಿಗೆ ಫೋನ್ ಮಾಡಿದರು. ಉಡುಗೊರೆ ಕವರುಗಳ ಕಟ್ಟಿನಲ್ಲಿ ಆ ಕವರು ಒಡೆಯದೆ ಉಳಿದಿತ್ತಂತೆ. ಹಳೆಯ ಚೆಕ್ಕು ಹರಿದು ಹಾಕಲು ಹೇಳಿ, 5,001ನ್ನು ಯುಪಿಐನಲ್ಲಿ ಕಳಿಸಿದರು. ಅದೂ ಒಂದು ಹೊಸ ಸಾಲು.

ಚೆಕ್ಕು ಕೊಡುವುದನ್ನೇ ಬಿಟ್ಟುಬಿಡೋಣ, ಎನ್ಇಎಫ್‌ಟಿ (ಖಾತೆಯಿಂದ ಖಾತೆಗೆ ಹಣ ವರ್ಗ) ಈಗ ಹಗಲು ರಾತ್ರಿ ನಡೆಯುತ್ತದೆ ಅಂತ ಮಗಳು ಹೇಳುತ್ತಿದ್ದಾಳೆ. 2019ರ ಡಿಸೆಂಬರ್‌ನಿಂದಲೇ ಆ ಸೌಲಭ್ಯ ಇದೆ, ಅವಳ ಮಾತು ಸರಿ. ಆದರೆ ಚೆಕ್ಕು ನಿಂತರೆ ಎರಡು ಕಾರಣಗಳಲ್ಲಿ ಒಂದು ಹೋಗುತ್ತದೆ ಅಷ್ಟೇ. ಆಟೋ ಡೆಬಿಟ್ ಉಳಿಯುತ್ತದೆ, ಮೇಲಾಗಿ ಪ್ರತಿ ವರ್ಷ ಹೆಚ್ಚುತ್ತಿದೆ. ಜೂನ್ 5ರ 32,480 ಅದೇ ಅಲ್ವಾ. ಮೇಷ್ಟ್ರು ಅರ್ಧ ಒಪ್ಪಿದ್ದಾರೆ. ಕೆಲಸದವರಿಗೆ, ಅಂಗಡಿಗೆ ಇನ್ನು ಎನ್ಇಎಫ್‌ಟಿ. ದೇವಸ್ಥಾನಕ್ಕೂ ಮುಯ್ಯಿಗೂ ಮಾತ್ರ ಚೆಕ್ಕು. ಉಳಿದಿರುವ ಚೆಕ್ ಹಾಳೆಗಳ ನಂಬರುಗಳನ್ನು ಲೆಡ್ಜರಿನ ಎರಡನೇ ಪುಟದಲ್ಲಿ ಸಾಲಾಗಿ ಬರೆದಿದ್ದಾರೆ. ಮೂರು ತಿಂಗಳಿಗೊಮ್ಮೆ ಮಗಳು ಗ್ನೂಕ್ಯಾಶ್‌ನಿಂದ ಖಾತೆಗಳ ವರದಿ ಪ್ರಿಂಟ್ ಮಾಡಿ ತರುತ್ತಾಳೆ, ಅಮ್ಮ ಅದನ್ನು ಅದೇ ಲೆಡ್ಜರಿನಲ್ಲಿ ಅಂಟಿಸಿ ಪಕ್ಕದಲ್ಲಿ ತಾರೀಖು ಹಾಕುತ್ತಾರೆ.